ಅನುಭವದ ಮೂರು ಚೌಕ

ಅರ್ಜಿ ತುಂಬುವವರನ್ನು ಗಮನಿಸುವುದು ವೃತ್ತಿಯಿಂದ ನನಗೆ ಅಂಟಿದ ಚಟ. ತಹಶೀಲ್ದಾರ ಕಚೇರಿಯ ಕಟ್ಟೆ, ಬ್ಯಾಂಕಿನ ಮೇಜು, ಆಸ್ಪತ್ರೆಯ ಕಿಟಕಿ, ಎಲ್ಲೇ ಆಗಲಿ, ಸುದ್ದಿಗಾಗಿ ಕಾಯುತ್ತ ನಿಂತವನ ಕಣ್ಣಿಗೆ ಬೇರೆ ಕೆಲಸವಿರುವುದಿಲ್ಲ. ಹೆಸರು ಬರೆಯುವಾಗ ಯಾರ ಕೈಯೂ ತಡವರಿಸುವುದಿಲ್ಲ. ವಯಸ್ಸಿನ ಸಾಲಿನಲ್ಲಿ ಕೆಲವರು ತುಸು ಉದಾರಿಗಳಾಗುತ್ತಾರೆ. ಆದರೆ ‘ಅನುಭವ’ ಎಂಬ ಸಾಲು ಬಂದಾಗ ಮಾತ್ರ ಪೆನ್ನು ಒಂದು ಕ್ಷಣ ಗಾಳಿಯಲ್ಲಿ ನಿಲ್ಲುತ್ತದೆ. ಆ ಕ್ಷಣದಲ್ಲಿ ಮನುಷ್ಯ ತನ್ನ ಬಗ್ಗೆ ತಾನೇ ಒಂದು ವರದಿ ಬರೆಯುತ್ತಿರುತ್ತಾನೆ. ಅದೂ ಎರಡನೆಯವರನ್ನು ಕೇಳಿ ಖಚಿತಪಡಿಸಿಕೊಳ್ಳದ ವರದಿ. ಇಂಥ ವರದಿಗಳಲ್ಲಿ ಎಷ್ಟು ತಪ್ಪು ನುಸುಳುತ್ತದೆ ಎಂಬುದನ್ನು ನಾನು ಅಧಿಕಾರವಾಣಿಯಿಂದ ಹೇಳಬಲ್ಲೆ. ಏಕೆಂದರೆ ಅಂಥದೊಂದನ್ನು ಸ್ವತಃ ಬರೆದಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಮೊದಮೊದಲ ವರ್ಷಗಳು. ಸಿಂದಗಿಯ ಗೊಬ್ಬರದ ಅಂಗಡಿಯೊಂದರ ಮಾಳಿಗೆಯಲ್ಲಿ ನಾಲ್ಕು ಕಂಪ್ಯೂಟರುಗಳ ತರಬೇತಿ ಕೇಂದ್ರವಿತ್ತು. ಕೆಳಗೆ ಯೂರಿಯಾದ ವಾಸನೆ, ಮೇಲೆ ಇಂಟರ್‌ನೆಟ್ಟು. ಮೆಟ್ಟಿಲು ಹತ್ತುವವರು ಮೂಗು ಮುಚ್ಚಿಕೊಂಡೇ ಹೊಸ ಯುಗವನ್ನು ಪ್ರವೇಶಿಸಬೇಕಿತ್ತು. ಕೇಂದ್ರ ನಡೆಸುತ್ತಿದ್ದವಳು ಸುಧಾ, ಹೈಸ್ಕೂಲಿನ ಗಣಿತದ ಮಾಸ್ತರರ ಮಗಳು. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ ಆಡುತ್ತಿದ್ದ ಈ ಹುಡುಗಿ ಆ ವರ್ಷ ‘ವೆಬ್ ಪುಟ ವಿನ್ಯಾಸ’ ಎಂಬ ಮೂರು ತಿಂಗಳ ತರಗತಿ ಆರಂಭಿಸಿ, ಅದಕ್ಕೊಂದು ಅರ್ಜಿಯನ್ನೂ ತಾನೇ ತಯಾರಿಸಿದ್ದಳು. ಅದರ ಕೊನೆಯ ಸಾಲು: ‘ಈ ಕೆಲಸದಲ್ಲಿ ಅನುಭವ’. ಮುಂದೆ ಮೂರು ಚೌಕ: ಇಲ್ಲ, ಸ್ವಲ್ಪ, ಹೆಚ್ಚು.

ನಾನಾಗ ನಲವತ್ತೈದು ದಾಟಿದ್ದೆ. ಜಿಲ್ಲಾ ಪತ್ರಿಕೆಯೊಂದಕ್ಕೆ ಸಿಂದಗಿಯಿಂದ ಇಪ್ಪತ್ತು ವರ್ಷ ಸುದ್ದಿ ಕಳಿಸಿದವನು. ಅದಕ್ಕೂ ಮುಂಚೆ ಎರಡು ವರ್ಷ ಪತ್ರಿಕೆಯ ಕಚೇರಿಯಲ್ಲಿ ಕಾಲಂ ಕತ್ತರಿಸಿ, ಅಂಟು ಹಚ್ಚಿ, ಪುಟ ಕಟ್ಟಿದವನು. ಪುಟವೆಂದರೆ ಪುಟ, ಕಾಗದದ್ದಾದರೇನು ಕಂಪ್ಯೂಟರಿನದಾದರೇನು ಎಂಬ ತರ್ಕದಿಂದ ‘ಹೆಚ್ಚು’ ಎಂಬ ಚೌಕದೊಳಗೆ ಗುರುತು ಹಾಕಿದೆ. ಕಂಪ್ಯೂಟರಿನ ಕೀಲಿಮಣೆಯನ್ನು ಎರಡು ಬೆರಳಿನಿಂದ ಕುಟ್ಟುತ್ತಿದ್ದೆನೆಂಬ ಸಂಗತಿಯನ್ನು ನಮೂದಿಸಲು ಅರ್ಜಿಯಲ್ಲಿ ಜಾಗವಿರಲಿಲ್ಲ.

ಅದೇ ಸಂಜೆ, ಬಲಗಾಲನ್ನು ಒಂದಿಷ್ಟು ಎಳೆಯುತ್ತ ಮೆಟ್ಟಿಲು ಹತ್ತಿ ಬಂದವನು ಕನ್ನೊಳ್ಳಿಯ ಪೇಂಟರ್ ಈರಣ್ಣ. ನನಗಿಂತ ಏಳೆಂಟು ವರ್ಷ ಹಿರಿಯ. ನಮ್ಮ ಸೀಮೆಯಲ್ಲಿ ಈರಣ್ಣನನ್ನು ಕಾಣದವರಿದ್ದಾರು, ಅವನ ಅಕ್ಷರ ಓದದವರಿಲ್ಲ. ದೇವಣಗಾಂವದ ಸಾಲೆಯ ಗೋಡೆಯಿಂದ ಹೂವಿನ ಹಿಪ್ಪರಗಿಯ ಹಿಟ್ಟಿನ ಗಿರಣಿಯ ತನಕ ದುಂಡಗೆ, ಹೊಟ್ಟೆ ತುಂಬ ಉಂಡು ಎಲೆಯಡಿಕೆ ಹಾಕಿಕೊಂಡಂತೆ ಕೂತಿರುವ ಅಕ್ಷರಗಳು ಕಂಡರೆ ಅವು ಅವನವೇ. ಹಿಂದಿನ ವರ್ಷ ಮುದ್ದೇಬಿಹಾಳದಲ್ಲಿ ಬಟ್ಟೆ ಅಂಗಡಿಯ ಫಲಕ ಬರೆಯುವಾಗ ಏಣಿ ಜಾರಿ ಬಿದ್ದು, ಸೊಂಟದ ಕೆಳಗಿನ ಚಪ್ಪೆಯ ಎಲುಬು ಮುರಿದಿತ್ತು.

ಅರ್ಜಿ ತುಂಬುವಾಗ ಅವನ ಪೆನ್ನು ಎಲ್ಲಿಯೂ ನಿಲ್ಲಲಿಲ್ಲ. ‘ಇಲ್ಲ’ ಎಂಬ ಚೌಕದೊಳಗೆ ಎಷ್ಟು ಚೆಂದದ ಗುರುತು ಹಾಕಿದನೆಂದರೆ, ಇಲ್ಲದಿರುವುದೂ ಒಂದು ಅರ್ಹತೆ ಎಂದು ನೋಡಿದವರಿಗೆ ಅನಿಸಬೇಕು.

“ಕಾಕಾ, ನಿಮ್ಮ ವಯಸ್ಸಿನವ್ರು ಇನ್ನೂತನಕ ಯಾರೂ ಬಂದಿಲ್ಲ ನೋಡ್ರಿ,” ಎಂದಳು ಸುಧಾ.

“ವಯಸ್ಸಿಂದೇನೈತ್ರಿ ಅಕ್ಕಾರ, ಕಾಲ ಒಲ್ಲೆ ಅನ್ನಾಕತ್ತೈತಿ. ಏಣಿ ಹತ್ತಬ್ಯಾಡ ಅಂದಾರ ಡಾಕ್ಟರು. ಕುಂತ ಅಕ್ಷರಾ ಬರಿಯೂ ಜಾಗಾ ಇದೊಂದ ಅಂತ ಕೇಳೀನಿ, ಅದಕ್ಕ ಬಂದೀನಿ. ಇಲ್ಲಾಂದ್ರ ಬಾಗೇವಾಡ್ಯಾಗ ಅಳಿಯನ ಕಿರಾಣಿ ಅಂಗಡಿ ಐತಿ. ತಕ್ಕಡಿ ಮುಂದ ಕುಂಡ್ರು ಅಂತಾನ. ಬ್ಯಾಳಿ ತೂಗೂದು ಕೆಟ್ಟ ಕೆಲಸಲ್ಲರಿ. ಆದ್ರ ಆ ಅಂಗಡಿ ಬೋರ್ಡ ನಾನ ಬರದೀನಿ. ಅದರ ಕೆಳಗ ಹೆಂಗ ಕುಂಡ್ರಲಿ?”

ನನಗೆ ಪ್ರಶ್ನೋತ್ತರಗಳನ್ನು ಟಿಪ್ಪಣಿ ಮಾಡಿಕೊಳ್ಳುವ ಅಭ್ಯಾಸ. ಅಂದು ಮಾಡಿಕೊಳ್ಳಲಿಲ್ಲ; ಆದರೂ ಮರೆತಿಲ್ಲ.

ಸುಧಾ ನಮ್ಮಿಬ್ಬರ ಅರ್ಜಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಳು. “ಸರ, ನೀವು ಆ ಮೂಲ್ಯಾಗಿನ ಮಷೀನಿಗೆ ಕೂಡ್ರಿ. ಕಾಕಾ ನನ್ನ ಹತ್ರ ಕೂಡಲಿ. ಏನೂ ಬರೂದಿಲ್ಲ ಅಂದವ್ರು ಹೇಳಿದ್ದು ಕೇಳ್ತಾರ.” ಮಾತು ಮೆದುವಾಗಿಯೇ ಇತ್ತು. ಅದರ ಅರ್ಥ ನನ್ನನ್ನು ಮುಟ್ಟಲು ಎರಡು ತಿಂಗಳು ಹಿಡಿಯಿತು.

ಮೂಲೆಯ ಯಂತ್ರದಲ್ಲಿ ನಾನು ಮೊದಲ ದಿನವೇ ಒಂದು ಪತ್ರಿಕೆ ಕಟ್ಟತೊಡಗಿದೆ. ಎಂಟು ಕಾಲಂ, ಮೇಲೆ ದಪ್ಪ ತಲೆಬರಹ, ಬಲಕ್ಕೆ ಚೌಕಟ್ಟಿನ ಸುದ್ದಿ. ತಂತ್ರಾಂಶ ನನ್ನ ಆಜ್ಞೆಗಳನ್ನು ವಿನಯದಿಂದ ಸ್ವೀಕರಿಸಿ, ತನಗೆ ತಿಳಿದಂತೆ ಮಾಡುತ್ತಿತ್ತು. ಚಿತ್ರವನ್ನು ಎಡಕ್ಕೆಂದರೆ ಅದು ಕೆಳಕ್ಕೆ ಹೋಗುತ್ತಿತ್ತು, ಕೆಳಕ್ಕೆಂದರೆ ಮಾಯವಾಗುತ್ತಿತ್ತು. ನಾನು ಕೇಳಿದ ಪ್ರಶ್ನೆಗಳಲ್ಲಿ ಎರಡು ಆ ಮಾಳಿಗೆಯಲ್ಲಿ ಬಹುಕಾಲ ಉಳಿದವಂತೆ. ಒಂದು, ಪುಟ ಕೆಳಗೆ ಎಲ್ಲಿ ಮುಗಿಯುತ್ತದೆ? ಇನ್ನೊಂದು, ಇದು ಎಷ್ಟು ಗಂಟೆಗೆ ಅಚ್ಚಿಗೆ ಹೋಗುತ್ತದೆ? ಮುಗಿಯಬೇಕಾದ ಅಗತ್ಯವೇ ಇಲ್ಲದ, ಅಚ್ಚಿಗೆ ಹೋಗುವ ಗಳಿಗೆಯೇ ಇಲ್ಲದ ಪುಟವೊಂದು ಲೋಕದಲ್ಲಿರಬಹುದೆಂದು ಇಪ್ಪತ್ತು ವರ್ಷದ ಅನುಭವ ನನಗೆ ಹೇಳಿಕೊಟ್ಟಿರಲಿಲ್ಲ.

ಈರಣ್ಣನ ತೊಂದರೆಗಳು ಬೇರೆ ಬಗೆಯವು. ಮೌಸು ಮೇಜಿನ ಅಂಚಿಗೆ ಬಂದಾಗ, ಬಾಣದ ಗುರುತು ಪರದೆಯ ನಡುವೆಯೇ ಇದ್ದರೆ, “ಮೇಜ ಸಣ್ಣದಾತ್ರಿ ಅಕ್ಕಾರ,” ಎನ್ನುತ್ತಿದ್ದ. ಮೌಸನ್ನು ಎತ್ತಿ ಹಿಂದಕ್ಕಿಟ್ಟು ಮತ್ತೆ ಸರಿಸಬಹುದೆಂದು ತೋರಿಸಿದಾಗ, ಕುಂಚವನ್ನು ಬಣ್ಣದ ಡಬ್ಬಿಗೆ ಒಯ್ದಂತೆ ಪ್ರತಿ ಸಲ ಎತ್ತಿ, ಬಟ್ಟೆಯ ತುಂಡಿನಿಂದ ಒರೆಸಿ ಇಡತೊಡಗಿದ. ಫಲಕ ಬರೆಯುವಾಗ ಮಣಿಕಟ್ಟಿಗೆ ಆಸರೆಯಾಗಿ ಹಿಡಿಯುತ್ತಿದ್ದ ಬೆತ್ತದ ಕೋಲನ್ನು ಮನೆಯಿಂದ ತಂದು, ಅದರ ಮೇಲೆ ಕೈಯೂರಿದ. ಮೂಲೆಯಿಂದ ನೋಡುತ್ತಿದ್ದ ನಾನು, ತರಗತಿಯ ‘ಅನುಭವಿ’ ವಿದ್ಯಾರ್ಥಿಯಾಗಿ, ಧಾರಾಳವಾಗಿ ನಿರ್ದೇಶನ ಕೊಡುತ್ತಿದ್ದೆ: “ಮೇಲೆ ಹೋಗು ಈರಣ್ಣ. ಇನ್ನೂ ಮೇಲೆ. ಅಷ್ಟಲ್ಲ. ಕೆಳಗೆ ಬಾ.” ಅವನು ತಲೆದೂಗಿ, ಹೇಳಿದಂತೆಯೇ ಮಾಡುತ್ತಿದ್ದ.

ಆದರೆ ಅವನದೊಂದು ಅಭ್ಯಾಸ ಸುಧಾಳನ್ನೂ ನನ್ನನ್ನೂ ಕಂಗೆಡಿಸಿತು. ಹತ್ತು ನಿಮಿಷಕ್ಕೊಮ್ಮೆ ಎದ್ದು, ಕಾಲೆಳೆಯುತ್ತ ಬಾಗಿಲ ತನಕ ಹೋಗಿ, ಅಲ್ಲಿಂದ ಕಣ್ಣು ಕಿರಿದಾಗಿಸಿ ಪರದೆಯನ್ನು ನೋಡುತ್ತಿದ್ದ. ಫಲಕ ಬರೆಯುವವನು ರಸ್ತೆಯ ಆಚೆ ಬದಿಗೆ ನಿಂತು ನೋಡದೆ ಮುಂದಿನ ಅಕ್ಷರಕ್ಕೆ ಕೈ ಹಾಕುವುದಿಲ್ಲವಂತೆ. “ಕಾಕಾ, ಇದನ್ನ ಹತ್ರ ಕೂತು ಓದ್ತಾರ, ದೂರಿಂದ ಅಲ್ಲ,” ಎಂದು ಸುಧಾ ನಕ್ಕಳು. ಅವನು ಬಾಗಿಲಲ್ಲೇ ನಿಂತು, “ಸರ ಮಾಡಿದ್ದು ಬಲಕ್ಕ ವಾಲೈತ್ರಿ,” ಎಂದ. ನಾನು ಅಳತೆ ಮಾಡಿ ನೋಡಿದೆ. ವಾಲಿತ್ತು.

ಐದನೆಯ ದಿನವೋ ಆರನೆಯ ದಿನವೋ ಇನ್ನೊಂದು ಸಂಗತಿ ನಡೆಯಿತು. ಆಗಿನ ದಿನಗಳಲ್ಲಿ ವೆಬ್ ಪುಟವನ್ನು ಕೋಷ್ಟಕದ ಮನೆಗಳಲ್ಲಿ ಕಟ್ಟುತ್ತಿದ್ದರು. ಒಂದು ಮನೆಯಲ್ಲಿ ಚಿತ್ರ, ಇನ್ನೊಂದರಲ್ಲಿ ಮಾತು. ನನಗೆ ಆ ಗೆರೆಗಳು ಪತ್ರಿಕೆಯ ಕಾಲಂ ಗೆರೆಗಳಂತೆ ಕಂಡು ಅಭಿಮಾನ ಉಕ್ಕಿತ್ತು. ಅವನ್ನು ಇನ್ನಷ್ಟು ದಪ್ಪ ಮಾಡಿಕೊಂಡಿದ್ದೆ. ಈರಣ್ಣ ಕೋಷ್ಟಕವನ್ನು ಬಹಳ ಹೊತ್ತು ನೋಡಿ, ಕೇಳಿದ: “ಇದು ದಾರದ ಗೆರಿ ಅಲ್ಲೇನ್ರಿ ಅಕ್ಕಾರ? ನಾವೂ ಬಣ್ಣದ ಪುಡಿ ಹಚ್ಚಿದ ದಾರ ಎಳದು ಗ್ವಾಡಿಗೆ ಗೆರಿ ಹೊಡಿತೇವಿ, ಅಕ್ಷರಾ ಸಾಲಿಗೆ ಕುಂಡ್ರಾಕ. ಬರದ ಮ್ಯಾಲ ಒರಸಿ ತಗೀತೇವಿ. ಇದನ್ನ ಹೆಂಗ ಒರಸೂದು?”

ಸುಧಾ ಕುರ್ಚಿಯಲ್ಲಿ ನೇರವಾಗಿ ಕುಳಿತಳು. ಕೋಷ್ಟಕದ ಗೆರೆಯ ದಪ್ಪವನ್ನು ಸೊನ್ನೆ ಮಾಡಿ, ಗೆರೆ ಕಾಣದಂತೆ ಪುಟ ನಿಲ್ಲಿಸುವ ಪಾಠ ಮುಂದಿನ ವಾರದ್ದು. ಅದನ್ನಾಕೆ ಅಂದೇ ಮಾಡಿಸಿದಳು. ಗೆರೆಗಳು ಅಳಿದು, ಚಿತ್ರವೂ ಮಾತೂ ಬಯಲಲ್ಲಿ ತಮ್ಮ ತಮ್ಮ ಜಾಗದಲ್ಲಿ ನಿಂತಾಗ ಈರಣ್ಣನ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಬಲ್ಲ ಊರಿಗೆ ಬೇರೆ ದಾರಿಯಿಂದ ಬಂದವನ ಸಮಾಧಾನವಿತ್ತು. ನಾನು ಮೂಲೆಯಲ್ಲಿ ನನ್ನ ದಪ್ಪ ಗೆರೆಗಳನ್ನು ಸದ್ದಿಲ್ಲದೆ ಸೊನ್ನೆ ಮಾಡಿದೆ.

ಎರಡನೆಯ ತಿಂಗಳಲ್ಲಿ ಇಂಡಿಯಿಂದ ಒಂದು ಕೆಲಸ ಬಂತು. ಆ ಕಡೆಯ ಕೆಲವು ನಿಂಬೆ ಬೆಳೆಗಾರರು ಕೂಡಿ ಕಟ್ಟಿಕೊಂಡ ಸಣ್ಣ ಸಂಘ. ತಮ್ಮ ಹಣ್ಣಿನ ಬಗ್ಗೆ ದೂರದೂರಿನ ವ್ಯಾಪಾರಿಗಳಿಗೆ ತಿಳಿಯಲಿ, ತಮ್ಮ ಬೆಳೆಗಾರರೂ ಕನ್ನಡದಲ್ಲೇ ಓದಲಿ ಎಂದು ಒಂದು ವೆಬ್ ತಾಣ ಬೇಕೆಂದರು. ಸಂಘದ ಅಧ್ಯಕ್ಷರಾದ ಗೌಡರು ಮೊದಲು ಒಂದು ಪುಟ ಮಾಡಿ ತೋರಿಸಿರೆಂದೂ, ಮೆಚ್ಚಿಗೆಯಾದರೆ ಉಳಿದದ್ದನ್ನೂ ಕೊಡುವುದಾಗಿಯೂ ಹೇಳಿದ್ದರು. ಸುಧಾ ನಮ್ಮೆದುರೇ ಈರಣ್ಣನಿಗೆ ಮಾತು ಕೊಟ್ಟಳು: “ಇದು ಸಿಕ್ಕರ ಬ್ಯಾರೆ ಊರಿನ ಕೆಲಸಾನೂ ಬರ್ತಾವ, ಕಾಕಾ. ಆವಾಗ ಈ ಕುರ್ಚಿ ನಿಮ್ಮದ, ಕಾಯಂ. ಸಿಗಲಿಲ್ಲಂದ್ರ ಈ ತರಗತೀನ ನಡಸೂದು ಕಷ್ಟ.” ಈರಣ್ಣ ಆ ಕುರ್ಚಿಯ ಕೈಯನ್ನು ಸುಮ್ಮನೆ ಒಮ್ಮೆ ಸವರಿದ. ಬಾಗೇವಾಡಿಯ ತಕ್ಕಡಿ ನನ್ನ ಕಣ್ಣ ಮುಂದೆಯೂ ಬಂದು ಹೋಯಿತು.

ಕನ್ನಡದ ಬರಹವೆಲ್ಲ ನನ್ನ ಪಾಲಿಗೆ ಬಂತು. ‘ಹೆಚ್ಚು’ ಎಂಬ ಚೌಕದವನಿಗೆ ಅದು ಸಲ್ಲಬೇಕಾದ್ದೇ. ಪತ್ರಿಕೆಯ ಕಚೇರಿಯಿಂದ ಫ್ಲಾಪಿಯಲ್ಲಿ ಅಲ್ಲಿನ ಕನ್ನಡ ಫಾಂಟನ್ನೇ, ಅಂದರೆ ಅಕ್ಷರ ವಿನ್ಯಾಸವನ್ನೇ ತಂದು, ಕೇಂದ್ರದ ಯಂತ್ರಕ್ಕೆ ಸೇರಿಸಿ, ನಿಂಬೆಯ ಇತಿಹಾಸ, ಮಣ್ಣಿನ ಗುಣ, ಬೆಳೆಗಾರರ ಪರಿಶ್ರಮ ಎಲ್ಲವನ್ನೂ ಒಳಗೊಂಡ ದೀರ್ಘ ಲೇಖನ ಕುಟ್ಟಿದೆ. ಈರಣ್ಣ ಬಾಗಿಲಿಗೆ ಹೋಗಿ ನಿಂತು ನೋಡಿ ಬಂದ.

“ಸರ, ಸಿಟ್ಟಾಗಬ್ಯಾಡ್ರಿ. ಮ್ಯಾಲಿನ ‘ಇಂಡಿ ನಿಂಬೆ’ ಅನ್ನೂದು ಉಪಾಸ ಇದ್ದಂಗ ಕಾಣತೈತಿ. ರಸಾ ಇಲ್ಲ ಅದರಾಗ. ನಾ ಕುಂಚದಾಗ ಬರದು ಕೊಡ್ಲೇನು?”

ಒಂದು ಪುಟದಲ್ಲಿ ಎರಡು ಬಗೆಯ ಅಕ್ಷರ ಕೂಡದು, ಅದು ಪುಟ ಕಟ್ಟುವ ಶಿಸ್ತಿಗೆ ವಿರುದ್ಧ ಎಂದು ನಾನು ಸಣ್ಣದೊಂದು ಉಪನ್ಯಾಸ ಕೊಟ್ಟೆ. ಸುಧಾ ನಡುವೆ ಬಂದು, ತಲೆಬರಹವೊಂದನ್ನು ಮಾತ್ರ ಅವನಿಗೆ ಬಿಟ್ಟುಕೊಟ್ಟಳು. ಅವನು ಬಿಳಿ ಹಾಳೆಯ ಮೇಲೆ ಹಳದಿ ತುಂಬಿ ಹಸಿರು ಅಂಚು ಕೊಟ್ಟು ಬರೆದ. ಫೋಟೋ ಸ್ಟುಡಿಯೋದಲ್ಲಿ ಅದನ್ನು ಸ್ಕ್ಯಾನ್ ಮಾಡಿಸಿ, ಚಿತ್ರವಾಗಿ ಪುಟದ ತಲೆಗೆ ಕೂರಿಸಿದೆವು. ಚೆನ್ನಾಗಿತ್ತು. ಹಾಗೆಂದು ನಾನು ಹೇಳಲಿಲ್ಲ.

ನಿಗದಿಯಾದ ದಿನ ಮೂವರೂ ಬೆಳಗಿನ ಬಸ್ಸಿಗೆ ಇಂಡಿಗೆ ಹೋದೆವು. ಸಂಘದ ಕಚೇರಿಯಲ್ಲಿ ಹೊಸ ಕಂಪ್ಯೂಟರ್ ಹೂವಿನ ಮಾಲೆ ಹಾಕಿಕೊಂಡು ಕುಳಿತಿತ್ತು. ಗೌಡರು, ಅವರ ಹಿಂದೆ ಏಳೆಂಟು ಬೆಳೆಗಾರರು, ಎಲ್ಲರ ಕೈಯಲ್ಲೂ ನಿಂಬೆ ಷರಬತ್ತು. ಸುಧಾ ಫ್ಲಾಪಿ ಹಾಕಿ ಪುಟ ತೆರೆದಳು.

ಮೇಲೆ ಈರಣ್ಣನ ‘ಇಂಡಿ ನಿಂಬೆ’ ಹಣ್ಣಿನಂತೆ ಹೊಳೆಯುತ್ತಿತ್ತು. ಅದರ ಕೆಳಗೆ, ನನ್ನ ದೀರ್ಘ ಲೇಖನವಿರಬೇಕಾದ ಜಾಗದಲ್ಲಿ, ಕೊಕ್ಕೆ, ಬೊಟ್ಟು, ತಲೆಯ ಮೇಲೆ ಟೊಪ್ಪಿಗೆಯಿಟ್ಟ ಪರಕೀಯ ಅಕ್ಷರಗಳು ಸಾಲುಗಟ್ಟಿ ನಿಂತಿದ್ದವು.

“ಇದ್ಯಾವ ಭಾಷಾರೀ?” ಎಂದರು ಗೌಡರು. “ನಾವು ನಿಂಬಿಹಣ್ಣ ಮಾರವ್ರು. ನಿಂಬಿಹಣ್ಣಿಗೆ ಮಂತ್ರಾ ಹಾಕಿ ಕೊಡವ್ರಲ್ಲ.”

ಹಿಂದಿನವರು ಷರಬತ್ತು ನೆತ್ತಿಗೇರುವಂತೆ ನಕ್ಕರು. ಸುಧಾಳ ಮುಖ ಬಿಳಿಚಿತು. ಕಾರಣ ಅವಳಿಗೆ ತಕ್ಷಣ ಹೊಳೆದಿತ್ತು. ನನಗೆ ಆಮೇಲೆ ವಿವರಿಸಿದಳು. ನಾನು ತಂದ ಅಕ್ಷರ ವಿನ್ಯಾಸ ಸಿಂದಗಿಯ ಯಂತ್ರದಲ್ಲಿತ್ತು, ಇಂಡಿಯ ಯಂತ್ರದಲ್ಲಿರಲಿಲ್ಲ. ನನ್ನ ಕನ್ನಡ ಬಸ್ಸು ಹತ್ತಿರಲೇ ಇಲ್ಲ. ಮುದ್ರಿತ ಪತ್ರಿಕೆ ಎಲ್ಲಿಗೆ ಹೋದರೂ ತನ್ನ ಅಕ್ಷರವನ್ನು ಮೈಮೇಲೆ ಹೊತ್ತೇ ಹೋಗುತ್ತದೆ. ಆ ನೆಚ್ಚಿಗೆಯಲ್ಲೇ ಇಪ್ಪತ್ತು ವರ್ಷ ಕಳೆದವನು ಮಾತ್ರ ಮಾಡಬಹುದಾದ ತಪ್ಪು ಅದು. ಈರಣ್ಣನದು ಚಿತ್ರವಾಗಿತ್ತು, ಬಣ್ಣ ಹಚ್ಚಿದ ಫಲಕದಂತೆ ಹೋದಲ್ಲಿ ಹಾಗೆಯೇ ನಿಲ್ಲುತ್ತಿತ್ತು.

ಈರಣ್ಣ ನನ್ನತ್ತ ನೋಡಲಿಲ್ಲ. ಅದು ಅವನ ದೊಡ್ಡತನ. ಎದ್ದು, ಅಷ್ಟೂ ಜನರ ನಡುವೆ ಕಾಲೆಳೆಯುತ್ತ ಬಾಗಿಲಿಗೆ ಹೋಗಿ ನಿಂತು, ಕಣ್ಣು ಕಿರಿದಾಗಿಸಿ ಪರದೆಯನ್ನು ನೋಡಿದ. ಆಮೇಲೆ ಹೇಳಿದ: “ಗೌಡ್ರ, ಮ್ಯಾಲಿಂದು ಓದಾಕ ಬರತೈತೇನ್ರಿ?”

“ಅದು ಬರತೈತಿ. ಅದು ಭಾಳ ಛಲೋ ಐತಿ.”

“ಹಂಗಾರ ಎಂಟ ದಿನಾ ಕೊಡ್ರಿ. ಕೆಳಗಿಂದೂ ಹಂಗ ಬರತೈತಿ.”

ಗೌಡರು ಅವನ ಮುಖವನ್ನೂ, ಪರದೆಯ ಮೇಲಿನ ದುಂಡಗಿನ ಅಕ್ಷರಗಳನ್ನೂ ನೋಡಿದರು. “ನಮ್ಮ ಹಳೇ ಗೋದಾಮಿನ ಮ್ಯಾಲ ಬರದವ ನೀನ ಏನು? ಆ ಬಣ್ಣ ಇನ್ನೂ ಹೋಗಿಲ್ಲೋ ಮಾರಾಯಾ. ಆತು, ಎಂಟ ದಿನಾ. ಒಂಬತ್ತು ಕೇಳಬ್ಯಾಡ.”

ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತ ನಾನು ಹೊರಗೆ ಬಹಳ ಆಸಕ್ತಿಯಿಂದ ನೋಡಿದೆ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಆ ಎಂಟು ದಿನಗಳಲ್ಲಿ ನಾನು ಮೂಲೆಯ ಯಂತ್ರ ಬಿಟ್ಟು ಈರಣ್ಣನ ಮಗ್ಗುಲಲ್ಲಿ ಕುಳಿತೆ. ಎಲ್ಲ ಬರಹವನ್ನೂ ಚಿತ್ರವಾಗಿಸಬೇಕು. ಚಿತ್ರ ಹೆಚ್ಚಾದರೆ ಅಂದಿನ ಟೆಲಿಫೋನ್ ತಂತಿಯಲ್ಲಿ ಪುಟ ತೆರೆಯುವಷ್ಟರಲ್ಲಿ ನಿಂಬೆಹಣ್ಣು ಬಾಡುತ್ತದೆ. ಆದ್ದರಿಂದ ಮಾತು ಕಡಿಮೆಯಾಗಬೇಕು. ನನ್ನ ಲೇಖನದ ಎದುರು ಈರಣ್ಣ ಅಂಗೈಯಗಲದ ಒಂದು ಮನೆ ತೋರಿಸಿದ: “ಗ್ವಾಡಿ ಇಷ್ಟ ಐತ್ರಿ ಸರ. ಇದಕ್ಕ ಹಿಡಿಯೂವಷ್ಟ ಬರಕೊಡ್ರಿ.” ಮಣ್ಣಿನ ಗುಣ ಒಂದು ಸಾಲಾಯಿತು. ಇತಿಹಾಸ ಹೋಯಿತು. ಪರಿಶ್ರಮ ಎಂಬ ಶಬ್ದದ ಮೇಲೆ ಬೆರಳಿಟ್ಟು, “ಇದು ಹಣ್ಣ ನೋಡಿದ್ರ ಗೊತ್ತಾಗೂದಿಲ್ಲೇನ್ರಿ?” ಎಂದ. ಹಲವು ಸಂಪಾದಕರ ಕೆಳಗೆ ಕೆಲಸ ಮಾಡಿದ್ದೇನೆ. ಇಷ್ಟು ಶಾಂತವಾಗಿ, ಇಷ್ಟು ನ್ಯಾಯವಾಗಿ ನನ್ನ ಬರಹ ಕತ್ತರಿಸಿದವರು ಇನ್ನೊಬ್ಬರಿಲ್ಲ. ಉಳಿದದ್ದನ್ನು ಅವನು ಕುಂಚದಲ್ಲಿ ಬರೆದ. ಸ್ಟುಡಿಯೋದಿಂದ ಬಂದ ಚಿತ್ರಗಳನ್ನು, ಆಸರೆಯ ಕೋಲಿನ ಮೇಲೆ ಕೈಯಿಟ್ಟು, ಮೌಸು ಒರೆಸಿ ಒರೆಸಿ, ಒಂದೊಂದನ್ನೂ ಅದರ ಮನೆಗೆ ಸೇರಿಸಿದವನೂ ಅವನೇ. ಸುಧಾ ಬರಿದೆ ಪಕ್ಕದಲ್ಲಿ ನಿಂತಿದ್ದಳು. ಅವನ ತಪ್ಪುಗಳನ್ನು ಕಂಡರೂ ಕೈ ಹಾಕದೆ, ಅವನೇ ಕಂಡುಕೊಳ್ಳುವ ತನಕ ಸುಮ್ಮನಿದ್ದ ಆ ತಾಳ್ಮೆಯನ್ನೂ ನಾನು ಇಲ್ಲಿ ದಾಖಲಿಸಬೇಕು.

ಎಂಟನೆಯ ದಿನ ಇಂಡಿಯ ಯಂತ್ರದಲ್ಲಿ ಪುಟ ತೆರೆದಾಗ ಗೌಡರು ಕುರ್ಚಿಯಿಂದ ಎದ್ದರು. ಏಕೆಂದು ಕೇಳಿದರೆ, “ಅವ ಬಾಗಲಾಗ ನಿಂತು ನೋಡಿದ್ನಲ್ಲ, ನಾನೂ ನೋಡ್ತೇನಿ,” ಎಂದು ಬಾಗಿಲಿಗೆ ಹೋಗಿ ನಿಂತರು. ಅಲ್ಲಿಂದಲೇ ಗಟ್ಟಿಯಾಗಿ, ಒಂದೂ ಅಕ್ಷರ ಬಿಡದೆ ಓದಿದರು. ಕೆಲಸ ಸಿಕ್ಕಿತು. ಕುರ್ಚಿಯೂ ಸಿಕ್ಕಿತು.

ನಾನು ಪತ್ರಿಕೆಗೆ ಈ ಬಗ್ಗೆ ಸಣ್ಣದೊಂದು ಸುದ್ದಿ ಕಳಿಸಿದ್ದೆ. ಅದರಲ್ಲಿ, ‘ತಾಂತ್ರಿಕ ಕಾರಣಗಳಿಂದ ಕೆಲ ದಿನ ವಿಳಂಬವಾಗಿತ್ತು’ ಎಂಬ ವಾಕ್ಯವಿತ್ತು. ದಾಖಲೆ ಸರಿಯಿರಲೆಂದು ಈಗ ತಿದ್ದುತ್ತೇನೆ: ತಾಂತ್ರಿಕ ಕಾರಣ ನಾನೇ.

ಎರಡು ವರ್ಷದ ಮೇಲೆ ಕೇಂದ್ರದ ಗೋಡೆಗೆ ಹೊಸ ಹೆಸರು ಬರೆಯಬೇಕಾಯಿತು. ಅಷ್ಟರಲ್ಲಿ ಪ್ಲಾಸ್ಟಿಕ್ ಬಟ್ಟೆಯ ಮೇಲೆ ಯಂತ್ರದಿಂದ ಅಚ್ಚು ಹಾಕಿದ ಫಲಕಗಳು ಊರೆಲ್ಲ ತೂಗಾಡುತ್ತಿದ್ದವು. ಸುಧಾ ಅಂಥದ್ದು ಬೇಡವೆಂದಳು. ಈರಣ್ಣ ಅಕ್ಷರಗಳನ್ನು ಕಂಪ್ಯೂಟರಿನಲ್ಲೇ ತಿದ್ದಿ ತೀಡಿ, ಆಳೆತ್ತರಕ್ಕೆ ಹಿಗ್ಗಿಸಿ, ಹಾಳೆಹಾಳೆಯಾಗಿ ಅಚ್ಚು ತೆಗೆದು, ಅಂಟಿಸಿ, ಕತ್ತರಿಸಿ ಇಟ್ಟಿದ್ದ. ಅವನ್ನು ಗೋಡೆಗಿಟ್ಟು, ಸುತ್ತ ಗೆರೆ ಎಳೆದು, ಒಳಗೆ ಬಣ್ಣ ತುಂಬಿದರಾಯಿತು. ಆದರೆ ಗೋಡೆ ಎತ್ತರದಲ್ಲಿತ್ತು. ಕನ್ನೊಳ್ಳಿಯಿಂದ ಅವನ ಹಳೆಯ ಏಣಿ ಬಂದಿತ್ತು. ಅದನ್ನು ಹತ್ತುವವರಾರು ಎಂಬ ಪ್ರಶ್ನೆ ಬಂದಾಗ, ಸುದ್ದಿ ಹುಡುಕಿ ಬಂದಿದ್ದ ನಾನು ಸಿಕ್ಕಿಬಿದ್ದೆ.

ಬಣ್ಣದ ಡಬ್ಬಿ ಏಣಿಗೆ ತೂಗುಹಾಕಿತ್ತು; ಕುಂಚ ಒಂದು ಕೈಯಲ್ಲಿ, ಇನ್ನೊಂದು ಕೈ ಏಣಿಯ ಮೇಲೆ. ಈರಣ್ಣ ರಸ್ತೆ ದಾಟಿ ಆಚೆ ಬದಿಗೆ ನಿಂತು, ಕಣ್ಣು ಕಿರಿದಾಗಿಸಿ, ಗೊಬ್ಬರ ಒಯ್ಯಲು ಬಂದ ಚಕ್ಕಡಿಗಳ ಮೇಲಿಂದ ಕೂಗಿದ:

“ಸರ, ಏಣಿ ಹತ್ತಿ ಅನುಭವ ಐತೇನ್ರಿ?”

ಕುಂಚ ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಮೂರೂ ಚೌಕಗಳು ಕಣ್ಣ ಮುಂದೆ ಬಂದವು.

“ಇಲ್ಲ, ಈರಣ್ಣ,” ಎಂದೆ.

“ಹಂಗಾರ ಛಲೋ ಆತ್ರಿ. ಹೇಳಿದ್ದು ಕೇಳ್ತೀರಿ. ಮ್ಯಾಲ ಹೋಗ್ರಿ. ಇನ್ನೂ ಮ್ಯಾಲ. ಅಷ್ಟಲ್ಲ. ಕೆಳಗ ಬರ್ರಿ.”